2016ರ ಜೂನ್ 23ರ ಮತ: ಯುರೋಪಿನ ಬಾಗಿಲು ಮುಚ್ಚಿದರೆ ನಮ್ಮ ಬಾಗಿಲು ತೆರೆಯುತ್ತದೆಯೇ?

(ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿ ಉಳಿಯಬೇಕೇ, ಹೊರಬರಬೇಕೇ ಎಂಬ 2016ರ ಜೂನ್ 23ರ ಜನಮತಗಣನೆಗೆ ಮುಂಚೆ, ಆ ಮೇ ತಿಂಗಳ ಕೊನೆಯಲ್ಲಿ ಬರೆದದ್ದು ಇದು. ಮುಂದೆ 'ಒಕ್ಕೂಟ' ಎಂದರೆ ಯುರೋಪಿಯನ್ ಒಕ್ಕೂಟ. ಇಲ್ಲಿನ ನಿಯಮ, ಶುಲ್ಕ, ಅಂಕಿ, ಹುದ್ದೆಗಳೆಲ್ಲ ಆಗಿನವು.)

ಓದುಗರ ಪ್ರಶ್ನೆ:

"ನಾವು ದಾವಣಗೆರೆ ಕಡೆಯವರು. ಯಜಮಾನರು ಲಂಡನ್ನಿನ ಒಂದು ಬ್ಯಾಂಕಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿಯಲ್ಲಿದ್ದಾರೆ. 2013ರಲ್ಲಿ ಟಿಯರ್ 2 ಜನರಲ್ ವೀಸಾದ (ಕಂಪನಿ ಕರೆಸಿಕೊಳ್ಳುವ ನುರಿತ ಕೆಲಸಗಾರರ ವೀಸಾ) ಮೇಲೆ ರೆಡಿಂಗ್‌ಗೆ ಬಂದೆವು. ನಾನು ಡಿಪೆಂಡೆಂಟ್ ವೀಸಾದಲ್ಲಿದ್ದು, ಇಲ್ಲಿನ ಶಾಲೆಯೊಂದರಲ್ಲಿ ಸಹಾಯಕಿಯಾಗಿದ್ದೇನೆ. ಇಬ್ಬರದೂ ಭಾರತದ ಪಾಸ್‌ಪೋರ್ಟ್. 2018ಕ್ಕೆ ಐಎಲ್‌ಆರ್‌ಗೆ (ಇಲ್ಲೇ ಕಾಯಂ ನೆಲೆಸುವ ಅನುಮತಿ) ಅರ್ಜಿ ಹಾಕುವವರು. ನಮಗೂ ಈ ಜನಮತಗಣನೆಯಲ್ಲಿ ಮತ ಇದೆ ಅಂತ ಕೆಲವರು, ಇಲ್ಲ ಅಂತ ಕೆಲವರು. ಇದ್ದರೆ ಯಾವ ಕಡೆ ಹಾಕಬೇಕು? ಲೆಸ್ಟರ್‌ನಲ್ಲಿ ಹೋಟೆಲ್ ನಡೆಸುವ ನಮ್ಮ ಭಾವ (ಅವರು ಬ್ರಿಟಿಷ್ ಪ್ರಜೆ) 'ಯುರೋಪಿನವರು ಬರೋದು ನಿಂತರೆ ನಮ್ಮವರಿಗೆ ವೀಸಾ ಸಿಗುತ್ತೆ, ಊರಿಂದ ಅಡುಗೆ ಭಟ್ಟರನ್ನ ಕರೆಸ್ಕೋಬಹುದು' ಅನ್ನುತ್ತಾರೆ. ಯಜಮಾನರ ಆಫೀಸಿನಲ್ಲಿ ಹೊರಬಂದರೆ ಕೆಲಸಕ್ಕೇ ಕುತ್ತು ಎಂಬ ಮಾತು. ಪಕ್ಕದ ಮನೆಯ ಪೋಲೆಂಡ್ ದಂಪತಿ ನಮ್ಮ ಮಗುವನ್ನು ಶಾಲೆಯಿಂದ ಕರೆತರುವವರು, ಅವರ ಮುಖ ನೋಡಿದರೆ ಸಂಕಟ. ಅಪ್ಪ ಫೋನಿನಲ್ಲಿ 'ಅವರ ಮನೆ ಜಗಳದಲ್ಲಿ ನೀವ್ಯಾಕಮ್ಮ ಮೂಗು ತೂರಿಸ್ತೀರಿ' ಅಂತಾರೆ. ಊರಲ್ಲಿ ಮನೆ ಸಾಲವಿದೆ, ಕಂತು ಇಲ್ಲಿಂದಲೇ ಹೋಗುತ್ತದೆ. ಮತ ಹಾಕಿದರೆ ಐಎಲ್‌ಆರ್‌ಗೆ ತೊಂದರೆಯಾಗುತ್ತದೆಯೇ? ಇನ್ನೊಂದು: ಮೈದುನನ ಮದುವೆಗೆಂದು ಜೂನ್ 18ಕ್ಕೆ ಊರಿಗೆ ಹೊರಟಿದ್ದೇವೆ. ಆಗ ಮತ ಹೇಗೆ?"

ಉತ್ತರ:

ನಿಮಗೆ ಮತ ಇದೆ. 2015ರ ಜನಮತಗಣನೆ ಕಾಯ್ದೆಯ ಪ್ರಕಾರ ಬ್ರಿಟನ್ನಿನಲ್ಲಿ ವಾಸವಿರುವ, 18 ತುಂಬಿದ ಬ್ರಿಟಿಷ್, ಐರಿಷ್ ಮತ್ತು ಕಾಮನ್‌ವೆಲ್ತ್ ದೇಶಗಳ ಪ್ರಜೆಗಳು ಮತದಾರರು. ಕಾಮನ್‌ವೆಲ್ತ್‌ನವರಾದರೆ ಇಲ್ಲಿರಲು ಸಿಂಧುವಾದ ವೀಸಾ ಇರಬೇಕು, ಅಷ್ಟೇ. ಐಎಲ್‌ಆರ್ ಬೇಕಿಲ್ಲ, ಇಷ್ಟು ವರ್ಷ ಕಳೆದಿರಬೇಕೆಂಬ ನಿಯಮವೂ ಇಲ್ಲ. ಕಳೆದ ಸೆಪ್ಟೆಂಬರ್‌ನಲ್ಲಿ ಓದಲು ಬಂದಿಳಿದ ಹುಬ್ಬಳ್ಳಿಯ ಹುಡುಗನಿಗೂ ಮತ ಇದೆ. ಹತ್ತು ವರ್ಷ ತೆರಿಗೆ ಕಟ್ಟಿದ ನಿಮ್ಮ ಪಕ್ಕದ ಮನೆಯ ಪೋಲೆಂಡಿನವರಿಗೆ ಇಲ್ಲ. ಯುರೋಪಿನವರಲ್ಲಿ ಐರ್ಲೆಂಡಿನವರನ್ನೂ, ಕಾಮನ್‌ವೆಲ್ತ್‌ಗೂ ಸೇರಿರುವ ಮಾಲ್ಟಾ, ಸೈಪ್ರಸ್‌ನವರನ್ನೂ ಬಿಟ್ಟರೆ ಉಳಿದವರೆಲ್ಲ ನೋಡುತ್ತ ಕೂರಬೇಕು. ಸಾಮ್ರಾಜ್ಯದ ಕಾಲದಲ್ಲಿ ನಾವೂ ಬ್ರಿಟಿಷ್ ಪ್ರಜೆಗಳೆನಿಸಿಕೊಂಡಿದ್ದರ ಪಳೆಯುಳಿಕೆ ಈ ಹಕ್ಕು. ಸಂಸತ್ ಚುನಾವಣೆಯಲ್ಲೂ ಅದು ನಡೆಯುತ್ತದೆ, ಆದರೆ ನಮ್ಮವರಲ್ಲಿ ಎಷ್ಟೋ ಮಂದಿಗೆ ಅದರ ಅರಿವೇ ಇಲ್ಲ.

ಮತ ಹಾಕಿದ್ದರಿಂದ ವೀಸಾಕ್ಕಾಗಲಿ ಐಎಲ್‌ಆರ್‌ಗಾಗಲಿ ಏನೂ ಆಗುವುದಿಲ್ಲ. ಅರ್ಜಿಯಲ್ಲಿ ಆ ಪ್ರಶ್ನೆಯೇ ಇಲ್ಲ. ನಿಮ್ಮ ವೀಸಾದ ಮೇಲೆ 'ಸಾರ್ವಜನಿಕ ನಿಧಿ ಪಡೆಯುವಂತಿಲ್ಲ' ಎಂದು ಬರೆದಿರುವುದು ಸರ್ಕಾರದ ಭತ್ಯೆಗಳ ಕುರಿತು. ಮತಪತ್ರ ಅದರಲ್ಲಿ ಬರುವುದಿಲ್ಲ. ಭಾರತದ ಪೌರತ್ವಕ್ಕೂ ಧಕ್ಕೆಯಿಲ್ಲ: ಬೇರೆ ದೇಶದ ಪೌರತ್ವ ತೆಗೆದುಕೊಂಡರೆ ನಮ್ಮದು ಹೋಗುತ್ತದೆ, ಬೇರೆ ದೇಶದಲ್ಲಿ ಮತ ಹಾಕಿದರೆ ಹೋಗುವುದಿಲ್ಲ. ಬದಲಿಗೆ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಬ್ಯಾಂಕಿನವರು ಸಾಲ ಕೊಡುವಾಗ ವಿಳಾಸದ ಖಾತರಿಗೆ ಅದನ್ನು ನೋಡುತ್ತಾರೆ, ಅದೊಂದು ಲಾಭ. ಇನ್ನು ನಿಮ್ಮ ತಂದೆಯವರ ಮಾತು. ಅವರಿಗೆ ಹೀಗೆ ಹೇಳಿ ನೋಡಿ: ಸಂಬಳದಲ್ಲಿ ತೆರಿಗೆ ಮುರಿಯುತ್ತದೆ, ಮಗು ಇಲ್ಲಿನ ಶಾಲೆಗೆ ಹೋಗುತ್ತದೆ, ವೀಸಾ ಅರ್ಜಿ ಹಾಕಿದಾಗಲೆಲ್ಲ ವರ್ಷಕ್ಕೆ ತಲಾ 200 ಪೌಂಡ್‌ನಂತೆ ಆರೋಗ್ಯ ಶುಲ್ಕ ಕಟ್ಟಬೇಕು. ಜಗಳ ಅವರ ಮನೆಯದೇ ಇರಬಹುದು, ಆ ಮನೆಯ ಖರ್ಚಿನಲ್ಲಿ ನಿಮ್ಮ ಪಾಲೂ ಇದೆ.

ಯಾವ ಕಡೆ ಎಂದು ಕೇಳಿದ್ದೀರಿ. ವೀಸಾ ಮತ್ತು ಉದ್ಯೋಗ ಕಾನೂನೇ ನನ್ನ ಕಸುಬು, ಆ ಕಡೆಯಿಂದಲೇ ಶುರುಮಾಡುತ್ತೇನೆ. ನಿಮ್ಮ ಭಾವನವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಆದರೆ ಅದು ಅರ್ಧ ಮಾತ್ರ, ಮತ್ತು ಈ ತಿಂಗಳು ನಮ್ಮವರಲ್ಲಿ ಅತಿ ಹೆಚ್ಚು ಓಡಾಡುತ್ತಿರುವುದೂ ಅದೇ ಅರ್ಧ. ಉದ್ಯೋಗ ಖಾತೆಯ ಸಚಿವೆ ಪ್ರೀತಿ ಪಟೇಲ್ ಅವರೇ ಕರಿ ಹೋಟೆಲುಗಳನ್ನು ಉಳಿಸಲು ಒಕ್ಕೂಟ ಬಿಡೋಣ ಎಂದು ಪ್ರಚಾರ ಮಾಡುತ್ತಿದ್ದಾರೆ.

ಹುರುಳು ಎಲ್ಲಿದೆ ಎಂದರೆ, 2010ರಿಂದ ಇಲ್ಲಿನ ಸರ್ಕಾರ ನಿವ್ವಳ ವಲಸೆಯನ್ನು (ಬಂದವರಲ್ಲಿ ಹೋದವರನ್ನು ಕಳೆದ ಲೆಕ್ಕ) ವರ್ಷಕ್ಕೆ ಒಂದು ಲಕ್ಷದೊಳಗೆ ಇಳಿಸುತ್ತೇವೆಂದು ಹೇಳುತ್ತಲೇ ಬಂದಿದೆ. ಒಕ್ಕೂಟದ ದೇಶಗಳವರಿಗೆ ಮುಕ್ತವಾಗಿ ಬಂದು ದುಡಿಯುವ ಹಕ್ಕಿದೆ, ಅವರನ್ನು ತಡೆಯುವಂತಿಲ್ಲ. ಗುರಿ ಮುಟ್ಟಲು ಉಳಿದದ್ದು ಒಂದೇ ದಾರಿ, ನಮ್ಮಂಥವರನ್ನು ಬಿಗಿಹಿಡಿಯುವುದು. ಹಿಡಿದರು ಕೂಡ. ಓದು ಮುಗಿಸಿದವರಿಗೆ ಕೆಲಸ ಹುಡುಕಲು ಸಿಗುತ್ತಿದ್ದ ಎರಡು ವರ್ಷದ ವೀಸಾವನ್ನು 2012ರ ಏಪ್ರಿಲ್‌ನಲ್ಲಿ ನಿಲ್ಲಿಸಿದರು, ಮುಂದಿನ ವರ್ಷಗಳಲ್ಲಿ ಭಾರತದಿಂದ ಓದಲು ಬರುವವರ ಸಂಖ್ಯೆ ಅರ್ಧಕ್ಕೂ ಕೆಳಗೆ ಬಿತ್ತು. ಸಂಗಾತಿಯನ್ನು ಕರೆಸಿಕೊಳ್ಳಲು ವರ್ಷಕ್ಕೆ 18,600 ಪೌಂಡ್ ಆದಾಯ ಬೇಕೆಂದು 2012ರ ಜುಲೈನಲ್ಲಿ ಬಂತು. ಹೊಸ ಟಿಯರ್ 2 ಜನರಲ್ ವೀಸಾಗಳಿಗೆ ವರ್ಷಕ್ಕೆ 20,700ರ ಮಿತಿ ಹಾಕಿದರು. ಕಳೆದ ತಿಂಗಳು, ಏಪ್ರಿಲ್ 6ರಿಂದ, ಟಿಯರ್ 2ನಲ್ಲಿದ್ದವರು ಐಎಲ್‌ಆರ್ ಪಡೆಯಬೇಕಾದರೆ ಸಾಮಾನ್ಯವಾಗಿ 35,000 ಪೌಂಡ್ ಸಂಬಳ ಇರಬೇಕು. (ನಿಮ್ಮ ಯಜಮಾನರ ಸಂಬಳ ಎಷ್ಟೆಂದು ನೀವು ಬರೆದಿಲ್ಲ. 2018ರ ಅರ್ಜಿಯ ಮಟ್ಟಿಗೆ ಜೂನ್ 23ಕ್ಕಿಂತ ಮುಖ್ಯವಾದ ಸಂಗತಿ ಅದು.) ಭಾವನವರ ಅಡುಗೆ ಭಟ್ಟರ ವಿಷಯಕ್ಕೆ ಬಂದರೆ, ಹೊರಗಿನಿಂದ ಕರೆಸುವ ಬಾಣಸಿಗನಿಗೆ 29,570 ಪೌಂಡ್ ಸಂಬಳ ಕೊಡಬೇಕು, ಹೋಟೆಲಿನಲ್ಲಿ ಪಾರ್ಸಲ್ ವ್ಯಾಪಾರ ಇರಕೂಡದು. ಪಾರ್ಸಲ್ ಇಲ್ಲದ ಇಂಡಿಯನ್ ಹೋಟೆಲ್ ಈ ದೇಶದಲ್ಲಿ ಎಷ್ಟಿವೆ? ಈ ನಿಯಮ ಬರೆದವರು ಅಂಥ ಹೋಟೆಲಿಗೆ ಶುಕ್ರವಾರ ಸಂಜೆ ಒಮ್ಮೆಯಾದರೂ ಹೋಗಿದ್ದರೇ ಎಂದು ನನಗೆ ಅನುಮಾನ.

ಆದರೆ ಈ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಇದರಲ್ಲಿ ಒಕ್ಕೂಟದ ಕೇಂದ್ರವಾದ ಬ್ರಸೆಲ್ಸ್‌ನಲ್ಲಿ ಕೂತವರು ಮಾಡಿದ ನಿಯಮ ಒಂದೂ ಇಲ್ಲ. ಎಲ್ಲವೂ ಬ್ರಿಟನ್ನಿನ ಸಂಸತ್ತಿರುವ ವೆಸ್ಟ್‌ಮಿನ್‌ಸ್ಟರ್‌ನಲ್ಲಿ, ಗೃಹ ಇಲಾಖೆಯಲ್ಲಿ ಆದವು. ಸಡಿಲಿಸಬೇಕೆಂದರೆ ನಾಳೆ ಬೆಳಿಗ್ಗೆಯೇ ಸಡಿಲಿಸಬಹುದು, ಯುರೋಪು ಬೇಡ ಎನ್ನುವುದಿಲ್ಲ. ನರ್ಸ್‌ಗಳ ಕೊರತೆಯೆಂದು ಕಳೆದ ಅಕ್ಟೋಬರ್‌ನಲ್ಲಿ ಆ ಕೆಲಸವನ್ನು ಕೊರತೆ ಪಟ್ಟಿಗೆ ಸೇರಿಸಿ ದಾರಿ ಸಲೀಸು ಮಾಡಿದರಲ್ಲ, ಒಕ್ಕೂಟದ ಒಳಗಿದ್ದೇ ಮಾಡಿದ್ದು ಅದು. ಇನ್ನೊಂದು ತಮಾಷೆ: 2010ರಿಂದ ಈ ಬಿಗಿ ನಿಯಮಗಳು ಹೊರಬಿದ್ದದ್ದು ಗೃಹ ಸಚಿವೆ ಥೆರೆಸಾ ಮೇ ಅವರ ಇಲಾಖೆಯಿಂದ, ಅವರು ಈಗ 'ಉಳಿಯೋಣ' ಕಡೆಯಲ್ಲಿದ್ದಾರೆ. ಸಡಿಲಿಸುತ್ತೇವೆ ಎನ್ನುವ ಪ್ರೀತಿ ಪಟೇಲ್ ಅವರೂ ಅದೇ ಸರ್ಕಾರದ ಸಚಿವೆ.

ಮೊನ್ನೆ ಗುರುವಾರ, ಮೇ 26ರಂದು, ಹೊಸ ಅಂಕಿ ಬಂತು. 2015ರಲ್ಲಿ ನಿವ್ವಳ ವಲಸೆ 3,33,000. ಒಕ್ಕೂಟದ ದೇಶಗಳಿಂದ 1,84,000, ಒಕ್ಕೂಟದ ಹೊರಗಿನಿಂದ 1,88,000, ಹೊರಟುಹೋದ ಬ್ರಿಟಿಷರು ಬಂದವರಿಗಿಂತ 39,000 ಹೆಚ್ಚು. ಅಂದರೆ ಪೂರ್ತಿ ಹಿಡಿತವಿರುವ ಬಾಗಿಲಿನಿಂದಲೇ ಸರ್ಕಾರದ ಗುರಿ ಮೀರಿ ಜನ ಬರುತ್ತಿದ್ದಾರೆ. ನಾಳೆ ಯುರೋಪಿನ ಬಾಗಿಲು ಮುಚ್ಚಿತು ಎಂದುಕೊಳ್ಳಿ. ಒಂದು ಲಕ್ಷದ ಗುರಿ ಹಾಗೇ ಇದ್ದರೆ ನಮ್ಮ ಬಾಗಿಲನ್ನು ಇನ್ನಷ್ಟು ಒತ್ತಬೇಕೇ ಹೊರತು ತೆರೆಯುವುದು ಲೆಕ್ಕಕ್ಕೆ ಕೂಡುವುದಿಲ್ಲ. 'ಹೊರಬರೋಣ' ಪ್ರಚಾರ ಲೆಸ್ಟರ್‌ನಲ್ಲಿ ನಿಮ್ಮ ಭಾವನವರಿಗೆ ಹೇಳುವುದು ಒಂದು, ವಲಸೆಯ ಮೇಲೆ ಸಿಟ್ಟಿರುವ ಲಿಂಕನ್‌ಶೈರ್‌ನ ಹಳ್ಳಿಯಲ್ಲಿ ಹೇಳುವುದು ಇನ್ನೊಂದು. ಅಲ್ಲಿ ಕೊಡುವ ಭರವಸೆ ಒಟ್ಟು ಸಂಖ್ಯೆಯೇ ಇಳಿಯುತ್ತದೆ ಎಂದು. ಎರಡೂ ಒಟ್ಟಿಗೆ ನಡೆಯುವುದು ಕಷ್ಟ. ಆಸ್ಟ್ರೇಲಿಯಾ ಮಾದರಿಯ ಅಂಕ ಪದ್ಧತಿ (ಅರ್ಹತೆಗಳಿಗೆ ಅಂಕ ಹಾಕಿ ವೀಸಾ ಕೊಡುವುದು) ತರುತ್ತಾರಂತೆ ಎಂದು ಸಂಭ್ರಮಿಸುವವರಿಗೆ ಒಂದು ನೆನಪು: ನಿಮ್ಮ ಯಜಮಾನರ ಟಿಯರ್ 2 ಕೂಡ 2008ರಲ್ಲಿ ಶುರುವಾದ ಅಂಕ ಪದ್ಧತಿಯದೇ ಕೂಸು. ಪದ್ಧತಿ ಯಾವುದಾದರೂ ಇರಲಿ, ಎಷ್ಟು ಅಂಕಕ್ಕೆ ಎಷ್ಟು ಜನ ಎಂದು ಬರೆಯುವ ಕೈ ಯಾರದು ಎಂಬುದೇ ಪ್ರಶ್ನೆ. ಆ ಕೈ ಮತಪತ್ರದಲ್ಲಿಲ್ಲ.

ಹಾಗಂತ ಯುರೋಪಿನ ಕಾನೂನಿಗೂ ನಮಗೂ ಸಂಬಂಧವೇ ಇಲ್ಲ ಎಂದಲ್ಲ. ನನ್ನಲ್ಲಿಗೆ ಬರುವ ಕೆಲವು ದಂಪತಿಗಳು 'ಸುರಿಂದರ್ ಸಿಂಗ್ ದಾರಿ' ಹಿಡಿದವರು. 18,600 ಪೌಂಡ್ ಆದಾಯ ತೋರಿಸಲಾಗದ ಬ್ರಿಟಿಷ್ ಪ್ರಜೆ ಐರ್ಲೆಂಡಿನಲ್ಲೋ ಜರ್ಮನಿಯಲ್ಲೋ ಸಂಗಾತಿಯೊಡನೆ ಇದ್ದು, ದುಡಿದು, ಯುರೋಪಿನ ಕಾನೂನಿನ ಬಲದಿಂದ ಜೊತೆಯಾಗಿ ಮರಳುವ ದಾರಿ ಅದು. 1992ರಲ್ಲಿ ಯುರೋಪಿನ ನ್ಯಾಯಾಲಯ ಭಾರತದ ಪತಿಯೊಬ್ಬರ ಪ್ರಕರಣದಲ್ಲಿ ಕೊಟ್ಟ ತೀರ್ಪಿನಿಂದ ಹುಟ್ಟಿದ್ದು. ಸ್ವಿಂಡನ್‌ನಲ್ಲಿ ಕೊಂಕಣಿ ಮಾತಾಡುವ ಗೋವಾದವರು ನೆಲೆಸಿದ್ದಾರಲ್ಲ, ಅವರಲ್ಲಿ ಬಹಳ ಮಂದಿ 1961ಕ್ಕೆ ಮುಂಚಿನ ಪೋರ್ಚುಗೀಸ್ ಆಳ್ವಿಕೆಯ ನೆಂಟಿನಿಂದ ಪೋರ್ಚುಗಲ್ ಪಾಸ್‌ಪೋರ್ಟ್ ಮಾಡಿಸಿಕೊಂಡು ಬಂದವರು. ಅವರಿಗೆ ಇದು ಬದುಕಿನ ಪ್ರಶ್ನೆ. ಮತ ಮಾತ್ರ ಇಲ್ಲ. ಅವರ ಪಕ್ಕದಲ್ಲೇ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ಕಾರವಾರದವರು ಇದ್ದರೆ ಅವರಿಗೆ ಇದೆ!

ಇನ್ನು ಪ್ರಚಾರದ ಎರಡು ದೊಡ್ಡ ಅಂಕಿಗಳು. ಬ್ರಸೆಲ್ಸ್‌ಗೆ ವಾರಕ್ಕೆ 35 ಕೋಟಿ ಪೌಂಡ್ ಹೋಗುತ್ತದೆ, ಅದನ್ನು ಆಸ್ಪತ್ರೆಗಳಿಗೆ ಕೊಡಬಹುದು ಎಂದು 'ಹೊರಬರೋಣ' ಕಡೆಯವರು ಬಸ್ಸಿನ ಮೇಲೆ ಬರೆಸಿಕೊಂಡು ಊರೂರು ಸುತ್ತುತ್ತಿದ್ದಾರೆ. ಅಷ್ಟು ಹಣ ಹೋಗುವುದಿಲ್ಲ. 1984ರಲ್ಲಿ ಆಗಿನ ಪ್ರಧಾನಿ ಥ್ಯಾಚರ್ ಹಟ ಹಿಡಿದು ಪಡೆದ ರಿಯಾಯಿತಿ ಮೊದಲೇ ಕಳೆದುಹೋಗುತ್ತದೆ. 2015ರ ಲೆಕ್ಕದಲ್ಲಿ ಸದಸ್ಯತ್ವದ ಬಾಬತ್ತು 1,780 ಕೋಟಿ ಪೌಂಡ್, ರಿಯಾಯಿತಿ 490 ಕೋಟಿ, ನಿಜವಾಗಿ ಕಟ್ಟಿದ್ದು 1,290 ಕೋಟಿ. ರೈತರಿಗೆ, ಹಿಂದುಳಿದ ಪ್ರದೇಶಗಳಿಗೆ ಎಂದು ಸರ್ಕಾರದ ಮೂಲಕ ವಾಪಸು ಬಂದದ್ದು 440 ಕೋಟಿ. ಉಳಿದದ್ದು 850 ಕೋಟಿ, ವಾರಕ್ಕೆ ಹದಿನಾರು ಕೋಟಿ ಚಿಲ್ಲರೆ. ಅಂಕಿಅಂಶ ಪ್ರಾಧಿಕಾರವೇ 35 ಕೋಟಿಯ ಮಾತು ದಾರಿ ತಪ್ಪಿಸುವಂಥದ್ದು ಎಂದು ಮೊನ್ನೆ ಶುಕ್ರವಾರ ಹೇಳಿತು. ಬಸ್ಸು ಓಡುತ್ತಲೇ ಇದೆ. ಹದಿನಾರು ಕೋಟಿಯೂ ಸಣ್ಣ ಮೊತ್ತವಲ್ಲ. ನಿಜವಾದ ಅಂಕಿಯನ್ನೇ ಹೇಳಿ ವಾದ ಮಾಡಬಹುದಿತ್ತು.

'ಉಳಿಯೋಣ' ಕಡೆಯ ಅಂಕಿ ಹಣಕಾಸು ಸಚಿವಾಲಯದ್ದು: ಹೊರಬಂದರೆ ಪ್ರತಿ ಮನೆಗೆ ವರ್ಷಕ್ಕೆ 4,300 ಪೌಂಡ್ ನಷ್ಟ. ಇದನ್ನು ಓದಿ ಬ್ಯಾಂಕಿನಲ್ಲಿರುವ ದುಡ್ಡೇ ಹೋಗುತ್ತದೆ ಎಂದು ಹೆದರಿದವರು ನನಗೆ ಫೋನ್ ಮಾಡಿದ್ದಾರೆ. ಹಾಗಲ್ಲ. ಹೊರಬಂದು ಒಕ್ಕೂಟದೊಡನೆ ಕೆನಡಾ ಮಾದರಿಯ ವ್ಯಾಪಾರ ಒಪ್ಪಂದ ಮಾಡಿಕೊಂಡರೆ ಹದಿನೈದು ವರ್ಷದ ನಂತರ ದೇಶದ ಒಟ್ಟು ಉತ್ಪನ್ನ, ಒಳಗೇ ಇದ್ದಿದ್ದರೆ ಆಗಬಹುದಾಗಿದ್ದುದಕ್ಕಿಂತ ಶೇ 6.2ರಷ್ಟು ಕಡಿಮೆ ಇರುತ್ತದೆ ಎಂಬ ಅಂದಾಜನ್ನು ಮನೆಗಳ ಸಂಖ್ಯೆಯಿಂದ ಭಾಗಿಸಿದ್ದು ಅದು. ಮನೆಯ ಆದಾಯವೇ ಬೇರೆ, ಒಟ್ಟು ಉತ್ಪನ್ನವೇ ಬೇರೆ. ದೇಶ ಈಗಿರುವುದಕ್ಕಿಂತ ಬಡವಾಗುತ್ತದೆ ಎಂದೂ ಅದು ಹೇಳುವುದಿಲ್ಲ, ನಿಧಾನವಾಗಿ ಬೆಳೆಯುತ್ತದೆ ಎನ್ನುತ್ತದೆ. ಹೊರಬಂದರೆ ವ್ಯಾಪಾರಕ್ಕೆ ಪೆಟ್ಟು ಎಂಬ ದಿಕ್ಕನ್ನು ಬಹುಪಾಲು ಅರ್ಥಶಾಸ್ತ್ರಜ್ಞರು ಒಪ್ಪುತ್ತಾರೆ, ನಾನೂ ನಂಬುತ್ತೇನೆ, ಏಕೆಂದರೆ ಬ್ರಿಟನ್ನಿನ ರಫ್ತಿನಲ್ಲಿ ಸುಮಾರು ಶೇ 44 ಹೋಗುವುದು ಒಕ್ಕೂಟಕ್ಕೇ. ಆದರೆ 4,300 ಎಂಬ ನಿಖರತೆಯನ್ನು ನಂಬಬೇಡಿ.

ಪ್ರಚಾರದ ಗದ್ದಲದಲ್ಲಿ ನಿಮ್ಮ ಕಿವಿಗೆ ಬೀಳುವ ಇನ್ನೆರಡು ಮಾತು. ಟರ್ಕಿ ಇನ್ನೇನು ಒಕ್ಕೂಟ ಸೇರುತ್ತದೆ ಎನ್ನುತ್ತಾರೆ. 2005ರಿಂದ ಮಾತುಕತೆ ನಡೆದಿದ್ದು, 35 ಅಧ್ಯಾಯಗಳಲ್ಲಿ ಮುಗಿದಿರುವುದು ಒಂದು, ಪ್ರತಿ ಸದಸ್ಯ ದೇಶಕ್ಕೂ ತಡೆಯುವ ಅಧಿಕಾರವಿದೆ. ಭಯೋತ್ಪಾದಕರನ್ನು ಗಡಿಪಾರು ಮಾಡಲು ಬಿಡದ ಮಾನವ ಹಕ್ಕು ನ್ಯಾಯಾಲಯದಿಂದ ಬಿಡುಗಡೆ ಸಿಗುತ್ತದೆ ಎನ್ನುತ್ತಾರೆ. ಸ್ಟ್ರಾಸ್‌ಬರ್ಗ್‌ನ ಆ ನ್ಯಾಯಾಲಯ ಒಕ್ಕೂಟದ್ದಲ್ಲ, ಅದು ಬೇರೆಯೇ ಸಂಸ್ಥೆ. ಒಕ್ಕೂಟ ಬಿಟ್ಟರೂ ಅದು ಹಾಗೇ ಇರುತ್ತದೆ.

ಇವನ್ನೆಲ್ಲ ಬದಿಗಿಟ್ಟರೆ 'ಹೊರಬರೋಣ' ಕಡೆ ಗಟ್ಟಿಯಾದ ವಾದವೇ ಇಲ್ಲವೇ? ಇದೆ. ಈ ದೇಶದ ಕಾನೂನನ್ನು ಕೊನೆಗೆ ಯಾರು ಮಾಡಬೇಕು ಎಂಬುದು. 1972ರ ಕಾಯ್ದೆಯ ಮೂಲಕ ಯುರೋಪಿನ ಕಾನೂನಿಗೆ ಇಲ್ಲಿ ಮೇಲುಗೈ ಬಂತು. ಅದಕ್ಕೆ ವಿರುದ್ಧವಾದ ಸಂಸತ್ತಿನ ಕಾಯ್ದೆಯನ್ನೂ ನ್ಯಾಯಾಲಯ ಬದಿಗಿಡಬಹುದು. ಕಾನೂನಿನ ಮೊದಲ ಕರಡು ಸಿದ್ಧಪಡಿಸುವುದು ಯಾರೂ ನೇರವಾಗಿ ಆರಿಸದ ಆಯೋಗ. ಅದನ್ನು ಪಾಸು ಮಾಡುವುದು ದೇಶಗಳ ಸಚಿವರ ಮಂಡಳಿ ಮತ್ತು ಚುನಾಯಿತ ಯುರೋಪಿಯನ್ ಸಂಸತ್ತು, ಅದರ 751 ಸ್ಥಾನಗಳಲ್ಲಿ ಬ್ರಿಟನ್ನಿಗೆ 73. ಬಹಳಷ್ಟು ವಿಷಯಗಳಲ್ಲಿ ಬಹುಮತವೇ ಸಾಕು, ಬ್ರಿಟನ್ ಸೋಲಬಹುದು. ತೆರಿಗೆ, ವಿದೇಶಾಂಗ ನೀತಿಯಂಥವುಗಳಲ್ಲಿ ಮಾತ್ರ ತಡೆಯುವ ಹಕ್ಕಿದೆ. ಇಲ್ಲಿನ ಕಾನೂನುಗಳಲ್ಲಿ ಎಷ್ಟು ಅಲ್ಲಿಂದ ಬರುತ್ತವೆ? ಸಂಸತ್ತಿನ ಕೆಳಮನೆಯಾದ ಕಾಮನ್ಸ್ ಸಭೆಯ ಗ್ರಂಥಾಲಯ 2010ರಲ್ಲಿ ಕೊಟ್ಟ ಉತ್ತರ ನನಗೆ ಹಿಡಿಸಿತ್ತು: ಎಣಿಸುವ ಕ್ರಮದ ಮೇಲೆ ಶೇ 15ರಿಂದ 50ರವರೆಗೆ ಯಾವ ಅಂಕಿಯನ್ನಾದರೂ ಸಮರ್ಥಿಸಬಹುದು. ನಾವೇ ಆರಿಸಿದವರು ಮಾಡದ ಕಾನೂನು ಬೇಡ ಎನ್ನುವುದು ತೂಕದ ಮಾತು, ಅದಕ್ಕೆ ಬೆಲೆ ತೆರಲು ಸಿದ್ಧರಿರುವವರ ಬಗ್ಗೆ ನನಗೆ ಗೌರವವಿದೆ. ವಲಸೆಯ ಸಿಟ್ಟಿಗೂ ಕಾರಣಗಳಿವೆ. 2004ರಲ್ಲಿ ಪೋಲೆಂಡ್ ಮುಂತಾದ ದೇಶಗಳು ಸೇರಿದಾಗ ವರ್ಷಕ್ಕೆ ಐದರಿಂದ ಹದಿಮೂರು ಸಾವಿರ ಜನ ಬರಬಹುದು ಎಂದು ಸರ್ಕಾರಕ್ಕಾಗಿ ಮಾಡಿದ ಅಧ್ಯಯನದ ಅಂದಾಜಿತ್ತು. ಬಂದವರು ಅದರ ಹಲವು ಪಟ್ಟು. ಕೆಲವು ಸಣ್ಣ ಊರುಗಳ ಶಾಲೆ, ಡಾಕ್ಟರ ಷಾಪು, ಬಾಡಿಗೆ ಮನೆಗಳ ಮೇಲೆ ಭಾರ ಬಿದ್ದಾಗ ಹಣ ಕೊಟ್ಟು ಸುಧಾರಿಸಬೇಕಾದವರು ಕೊಡಲಿಲ್ಲ. ಪೆಟ್ಟು ತಿಂದವರನ್ನು ಜನಾಂಗದ್ವೇಷಿಗಳು ಎಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ.

ನನ್ನ ತಕರಾರು ಬೇರೆ. ಮತಪತ್ರದಲ್ಲಿ ಎರಡು ಚೌಕಗಳಿವೆ: ಒಕ್ಕೂಟದ ಸದಸ್ಯನಾಗಿ ಉಳಿಯಬೇಕು, ಒಕ್ಕೂಟ ಬಿಡಬೇಕು. ಬಿಟ್ಟು ಎಲ್ಲಿಗೆ ಎಂಬ ಚೌಕವಿಲ್ಲ. ನಾರ್ವೆಯ ಹಾಗೆ ಇರಬಹುದು, ಆಗ ಏಕ ಮಾರುಕಟ್ಟೆ (ಒಕ್ಕೂಟದ ದೇಶಗಳ ನಡುವೆ ಸುಂಕವಿಲ್ಲದ ವ್ಯಾಪಾರ) ಉಳಿಯುತ್ತದೆ, ಆದರೆ ಹಣವೂ ಕಟ್ಟಬೇಕು, ಯುರೋಪಿನವರೂ ಮುಕ್ತವಾಗಿ ಬರುತ್ತಾರೆ, ನಿಯಮ ಮಾಡುವಾಗ ಮಾತ್ರ ಮತವಿಲ್ಲ. ಕೆನಡಾದ ಹಾಗೆ ವ್ಯಾಪಾರ ಒಪ್ಪಂದ ಮಾಡಿಕೊಳ್ಳಬಹುದು. ಅವರು ಮಾತು ಶುರುಮಾಡಿದ್ದು 2009ರಲ್ಲಿ, ಇಂದಿಗೂ ಅದು ಜಾರಿಗೆ ಬಂದಿಲ್ಲ, ಅದರಲ್ಲಿ ಹಣಕಾಸು ಸೇವೆಗಳಿಗೆ ಸಿಗುವುದೂ ಕಡಿಮೆ. ಏನೂ ಇಲ್ಲದೆ ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳ ಮೇಲೆ ನಿಂತರೆ ಇಲ್ಲಿಂದ ಯುರೋಪಿಗೆ ಹೋಗುವ ಕಾರಿಗೆ ಶೇ 10 ಸುಂಕ. ಟಾಟಾದವರ ಜಾಗ್ವಾರ್ ಲ್ಯಾಂಡ್ ರೋವರ್ ಕಾರ್ಖಾನೆಯಲ್ಲಿರುವ ನಮ್ಮ ಎಂಜಿನಿಯರುಗಳು ಲೆಕ್ಕ ಹಾಕುತ್ತಿರುವುದು ಇದನ್ನೇ. ನಿಮ್ಮ ಭಾವನವರು ಒಂದನ್ನು ಮನಸ್ಸಿನಲ್ಲಿಟ್ಟು 'ಹೊರಬರೋಣ' ಎಂದು ಗೀಟು ಹಾಕುತ್ತಾರೆ, ಪಕ್ಕದವರು ಅದಕ್ಕೆ ಪೂರ್ತಿ ವಿರುದ್ಧವಾದುದನ್ನು ಇಟ್ಟುಕೊಂಡು ಅದೇ ಚೌಕಕ್ಕೆ ಹಾಕುತ್ತಾರೆ. ಎಣಿಸುವಾಗ ಎರಡೂ ಒಂದೇ.

ಬಿಡುವ ವಿಧಾನ ಲಿಸ್ಬನ್ ಒಪ್ಪಂದದ 50ನೇ ವಿಧಿಯಲ್ಲಿದೆ. ನೋಟಿಸ್ ಕೊಟ್ಟ ದಿನದಿಂದ ಎರಡು ವರ್ಷ. ಹೆಚ್ಚು ಸಮಯ ಬೇಕೆಂದರೆ ಉಳಿದ 27 ದೇಶಗಳೂ ಒಪ್ಪಬೇಕು. ಬಾಡಿಗೆ ಮನೆಗೆ ನೋಟಿಸ್ ಕೊಟ್ಟು ಆಮೇಲೆ ಹೊಸ ಮನೆ ಹುಡುಕುವವನ ಪರಿಸ್ಥಿತಿ: ದಿನ ಕಳೆದಷ್ಟೂ ಚೌಕಾಸಿಯ ಶಕ್ತಿ ಕುಗ್ಗುತ್ತದೆ. ಯಾವ ಸದಸ್ಯ ದೇಶವೂ ಹೀಗೆ ಬಿಟ್ಟ ಉದಾಹರಣೆ ಇದುವರೆಗೆ ಇಲ್ಲ. ಡೆನ್ಮಾರ್ಕಿನ ಆಳ್ವಿಕೆಗೆ ಒಳಪಟ್ಟ ಗ್ರೀನ್‌ಲ್ಯಾಂಡ್ 1982ರಲ್ಲಿ ಜನಮತ ಪಡೆದು 1985ರಲ್ಲಿ ಹೊರಬಂತು. ಮೀನುಗಾರಿಕೆಯೊಂದೇ ಮುಖ್ಯ ವಿಷಯವಾಗಿದ್ದ ಅವರಿಗೇ ಮೂರು ವರ್ಷ ಹಿಡಿಯಿತು. ಕಾನೂನಿನ ಮಟ್ಟಿಗೆ ಈ ಜನಮತ ಸರ್ಕಾರವನ್ನು ಕಟ್ಟಿಹಾಕುವುದಿಲ್ಲ, ಸಲಹೆಯಷ್ಟೇ. ಆದರೆ ಏಪ್ರಿಲ್‌ನಲ್ಲಿ ಮನೆಮನೆಗೆ ಬಂದ ಕರಪತ್ರದಲ್ಲಿ, ನೀವು ತೀರ್ಮಾನಿಸಿದ್ದನ್ನು ಜಾರಿ ಮಾಡುತ್ತೇವೆ ಎಂದು ಸರ್ಕಾರವೇ ಬರೆದುಕೊಟ್ಟಿದೆ. ಆದ್ದರಿಂದ ಪ್ರಧಾನಿ ಕ್ಯಾಮರನ್ ಅವರಿಗೆ ಬುದ್ಧಿ ಕಲಿಸಲೆಂದು ಸಿಟ್ಟಿನ ಮತ ಹಾಕುತ್ತೇನೆ ಎನ್ನುವವರಿಗೆ ನಾನು ಹೇಳುವುದು, ಸಂಸತ್ ಚುನಾವಣೆ ಐದು ವರ್ಷಕ್ಕೊಮ್ಮೆ ಬರುತ್ತದೆ, ಇದು ಹಿಂದೆ ಬಂದದ್ದು 1975ರಲ್ಲಿ.

ಉಳಿದರೆ ಎಲ್ಲ ಇದ್ದ ಹಾಗೇ ಇರುತ್ತದೆ ಎಂಬುದೂ ನಿಜವಲ್ಲ. ಯೂರೋ ನಾಣ್ಯದ 19 ದೇಶಗಳು ತಮ್ಮ ಸಾಲದ ಬಿಕ್ಕಟ್ಟಿನಿಂದ ಹೊರಬರಲು ಇನ್ನಷ್ಟು ಹತ್ತಿರ ಸೇರಲೇಬೇಕು. ಆಗ ಪೌಂಡ್ ಇಟ್ಟುಕೊಂಡ ಬ್ರಿಟನ್ ಮೂಲೆಗೆ ಸರಿಯುತ್ತದೆ. ಕ್ಯಾಮರನ್ ಫೆಬ್ರುವರಿಯಲ್ಲಿ ತಂದ ಒಪ್ಪಂದದಲ್ಲಿ ಇದಕ್ಕೊಂದಿಷ್ಟು ರಕ್ಷಣೆ ಇದೆ, ಯುರೋಪಿನಿಂದ ಹೊಸದಾಗಿ ಬಂದ ಕೆಲಸಗಾರರ ಭತ್ಯೆಗೆ ನಾಲ್ಕು ವರ್ಷದವರೆಗೆ ಕಡಿವಾಣವಿದೆ. ಆದರೆ ಬರುವವರ ಸಂಖ್ಯೆಗೆ ಅದು ಲಗಾಮು ಹಾಕುವುದಿಲ್ಲ. ವಲಸೆಯ ಗುರಿ ಮತ್ತು ಮುಕ್ತ ಓಡಾಟ ಎರಡೂ ಹಾಗೇ ಇದ್ದರೆ ಹಿಂಡುವ ಕೈ ನಮ್ಮ ಕಡೆಗೇ ತಿರುಗಿರುತ್ತದೆ. ಉಳಿಯುವುದಕ್ಕೆ ನಾವು ಕಟ್ಟುವ ಬೆಲೆ ಅದು, ಮತ್ತು ಅದನ್ನು 'ಉಳಿಯೋಣ' ಕಡೆಯವರು ನಮ್ಮ ಸಭೆಗಳಿಗೆ ಬಂದಾಗ ಬಾಯಿಬಿಟ್ಟು ಹೇಳುವುದಿಲ್ಲ.

ಭಾರತದ ಜೊತೆ ವ್ಯಾಪಾರ ಒಪ್ಪಂದದ ಮಾತೂ ಇದೆ. ಒಕ್ಕೂಟದೊಡನೆ ಭಾರತ 2007ರಲ್ಲಿ ಶುರುಮಾಡಿದ ಮಾತುಕತೆ 2013ರಲ್ಲಿ ನಿಂತಿತು. ಹೊರಬಂದ ಬ್ರಿಟನ್ ತಾನೇ ಬೇಗ ಮುಗಿಸಬಹುದು, 27 ದೇಶಗಳ ಒಪ್ಪಿಗೆ ಕಾಯಬೇಕಿಲ್ಲ. ಆದರೆ ದೆಹಲಿ ಮೇಜಿನ ಮೇಲೆ ಮೊದಲು ಇಡುವ ಬೇಡಿಕೆಗಳಲ್ಲಿ ನುರಿತ ಕೆಲಸಗಾರರ ವೀಸಾ ಒಂದು. ವಲಸೆ ಇಳಿಸುತ್ತೇವೆಂದು ಮತ ಕೇಳಿ ಗೆದ್ದವರು ಅದಕ್ಕೆ ಏನು ಹೇಳುತ್ತಾರೆ ಎಂಬುದನ್ನು ನಿಮ್ಮ ಭಾವನವರು ಯೋಚಿಸಲಿ.

ಕೆಲಸ ಮತ್ತು ಸಾಲದ ವಿಷಯವನ್ನು ಮತದಿಂದ ಬೇರ್ಪಡಿಸಿ ನೋಡಿ ಎನ್ನುತ್ತೇನೆ, ಏಕೆಂದರೆ ನಿಮ್ಮೊಂದು ಮತ ಅದನ್ನು ಕಾಪಾಡುವುದಿಲ್ಲ. ಯಜಮಾನರ ಆಫೀಸಿನ ಆತಂಕಕ್ಕೆ ಆಧಾರವಿದೆ. ಲಂಡನ್ನಿನ ಬ್ಯಾಂಕುಗಳು ಇಲ್ಲಿ ಪಡೆದ ಪರವಾನಗಿಯ ಮೇಲೆಯೇ ಇಡೀ ಒಕ್ಕೂಟದಲ್ಲಿ ವ್ಯವಹಾರ ಮಾಡುತ್ತವೆ, ಹೊರಬಂದರೆ ಆ ಸೌಲಭ್ಯ ಹೋಗಬಹುದು, ಕೆಲವು ಹುದ್ದೆಗಳು ಡಬ್ಲಿನ್‌ಗೋ ಫ್ರಾಂಕ್‌ಫರ್ಟ್‌ಗೋ ಸರಿಯಬಹುದು. ಮರುದಿನವೇ ಅಲ್ಲ. ನೋಟಿಸಿನ ಅವಧಿಯಲ್ಲಿ ಈಗಿನ ನಿಯಮಗಳೇ ನಡೆಯುತ್ತವೆ. ಆದರೆ ನಿಮ್ಮ ವೀಸಾ ಕಂಪನಿಗೆ ಕಟ್ಟಿಕೊಂಡಿದೆ, ಕೆಲಸ ಹೋದರೆ ಗೃಹ ಇಲಾಖೆ ಸಾಮಾನ್ಯವಾಗಿ 60 ದಿನಕ್ಕೆ ಇಳಿಸಿಬಿಡುತ್ತದೆ. ಅಷ್ಟರಲ್ಲಿ ಇನ್ನೊಬ್ಬ ಸ್ಪಾನ್ಸರ್ (ವೀಸಾಕ್ಕೆ ಹೊಣೆ ನಿಲ್ಲುವ ಕಂಪನಿ) ಸಿಗಬೇಕು. ಹಾಗಾಗಿ ಯಾವ ಕಡೆ ಗೆದ್ದರೂ ಈಗಲೇ ಯಜಮಾನರ ರೆಸ್ಯೂಮೆ ಸರಿಮಾಡಿಟ್ಟುಕೊಳ್ಳಿ, ಐಎಲ್‌ಆರ್‌ಗೆ ಬೇಕಾದ ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಪ್ರಯಾಣದ ದಿನಾಂಕಗಳನ್ನು ಜೋಡಿಸಿಡಿ. ಪೌಂಡು ಈಗಾಗಲೇ ಅಲುಗಾಡುತ್ತಿದೆ. ಬೋರಿಸ್ ಜಾನ್ಸನ್ 'ಹೊರಬರೋಣ' ಕಡೆ ಸೇರಿದ ವಾರದಲ್ಲಿ ಡಾಲರ್ ಎದುರು ಏಳು ವರ್ಷದ ಕೆಳಮಟ್ಟಕ್ಕೆ ಹೋಗಿ ಬಂತು. ನಿಮ್ಮ ಕಂತು ತಿಂಗಳಿಗೆ 40,000 ರೂಪಾಯಿ ಎಂದುಕೊಳ್ಳಿ. ಪೌಂಡಿಗೆ 98 ರೂಪಾಯಿ ಇದ್ದಾಗ ಅದಕ್ಕೆ 408 ಪೌಂಡ್ ಸಾಕು. 88ಕ್ಕೆ ಇಳಿದರೆ 455 ಬೇಕು. ಇಳಿಯುತ್ತದೆ ಎಂದು ನಾನು ಭವಿಷ್ಯ ಹೇಳುತ್ತಿಲ್ಲ. ಆರು ತಿಂಗಳ ಕಂತಿನ ಹಣ ಜೂನ್ 23ರೊಳಗೆ ಊರಿನ ಖಾತೆಯಲ್ಲಿದ್ದರೆ ಯಾವ ಫಲಿತಾಂಶ ಬಂದರೂ ನಿದ್ದೆಗೆ ತೊಂದರೆಯಿಲ್ಲ.

ನಾನು ಯಾವ ಕಡೆ ಎಂದು ಹೇಳುವುದಿಲ್ಲ. ಎರಡೂ ಕಡೆಯವರು ನನ್ನ ಆಫೀಸಿಗೆ ಬರುತ್ತಾರೆ. ಜೊತೆಗೆ, ಯಾವುದು ಗೆದ್ದರೂ ವೀಸಾ ವಕೀಲರಿಗೆ ಕೆಲಸ ಹೆಚ್ಚುತ್ತದೆಯೇ ವಿನಾ ಕಡಿಮೆಯಾಗದು, ಆದ್ದರಿಂದ ನನ್ನ ಮಾತನ್ನೂ ಸ್ವಲ್ಪ ಅನುಮಾನದಿಂದಲೇ ಓದಿ. ಒಂದನ್ನು ಮಾತ್ರ ಒತ್ತಿ ಹೇಳುತ್ತೇನೆ: ನಮ್ಮವರಿಗೆ ವೀಸಾ ಸಿಗುತ್ತದೆ ಎಂಬ ಕಾರಣಕ್ಕೆ 'ಹೊರಬರೋಣ' ಎಂದು ಹಾಕಬೇಡಿ, ಇಲ್ಲದ ಸರಕಿಗೆ ಮುಂಗಡ ಕೊಟ್ಟ ಹಾಗಾಗುತ್ತದೆ. ಕಾನೂನು ಇಲ್ಲೇ ಆಗಬೇಕು, ಕೆಲವು ವರ್ಷ ಕಷ್ಟವಾದರೂ ಸರಿ ಎಂಬ ನಂಬಿಕೆ ಇದ್ದರೆ ಹಾಕಿ. ಹಾಗೆಯೇ ಪಕ್ಕದ ಮನೆಯವರ ಮೇಲಿನ ಕನಿಕರವೊಂದೇ 'ಉಳಿಯೋಣ'ಕ್ಕೆ ಕಾರಣವಾಗುವುದು ಬೇಡ. ಈಗಾಗಲೇ ನೆಲೆಸಿದವರನ್ನು ಕಳಿಸಬೇಕೆಂದು 'ಹೊರಬರೋಣ' ಕಡೆಯ ಮುಖಂಡರೂ ಹೇಳುತ್ತಿಲ್ಲ, ಅವರ ಹಕ್ಕುಗಳ ವಿವರ ಮಾತುಕತೆಯಲ್ಲಿ ತೀರ್ಮಾನವಾಗಬೇಕಾದ್ದು. ಮಾರುಕಟ್ಟೆಯ ಭದ್ರತೆಗೆ, ಯುರೋಪಿನಲ್ಲಿ ಒಟ್ಟಿಗೆ ಇರುವುದಕ್ಕೆ ಬೆಲೆ ಕೊಡುವವರಾದರೆ ಉಳಿಯುವ ಚೌಕ ನಿಮ್ಮದು. ಗಂಡ ಹೆಂಡತಿ ಒಂದೇ ಕಡೆ ಹಾಕಬೇಕೆಂದೇನೂ ಇಲ್ಲ. ನನಗೆ ಗೊತ್ತಿರುವ ಮನೆಗಳಲ್ಲಿ ಎಷ್ಟೋ ಕಡೆ ಇದು ಈಗಾಗಲೇ ಊಟದ ಮೇಜಿನ ಜಗಳ.

ಕೊನೆಗೆ ಪ್ರಯಾಣದ ವಿಷಯ. ಹೆಸರು ನೋಂದಾಯಿಸಲು ಜೂನ್ 7ರ ಮಧ್ಯರಾತ್ರಿವರೆಗೆ ಸಮಯವಿದೆ. ಸರ್ಕಾರದ ವೆಬ್‌ಸೈಟ್‌ನಲ್ಲಿ ಐದು ನಿಮಿಷದ ಕೆಲಸ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೈಯಲ್ಲಿರಲಿ. ಕೊನೆಯ ದಿನದವರೆಗೆ ಕಾಯಬೇಡಿ. ಅಂಚೆ ಮತಕ್ಕೆ ಅರ್ಜಿ ರೆಡಿಂಗ್ ಕೌನ್ಸಿಲ್‌ಗೆ ಜೂನ್ 8ರ ಸಂಜೆ 5ರೊಳಗೆ ಮುಟ್ಟಬೇಕು, ಆದರೆ ಆ ದಿನ ಮುಟ್ಟಿಸಿದರೆ ಲಕೋಟೆ ನೀವು ವಿಮಾನ ಹತ್ತಿದ ಮೇಲೆ ಬರಬಹುದು. ಈ ವಾರವೇ ಕಳಿಸಿ. ಅದು ಹೊಂದದಿದ್ದರೆ ಪ್ರಾಕ್ಸಿ: ನಿಮ್ಮ ಪರವಾಗಿ ಬೇರೊಬ್ಬ ಮತದಾರರು ಹಾಕುವುದು, ಅರ್ಜಿಗೆ ಜೂನ್ 15ರ ಸಂಜೆ 5 ಗಡುವು. ಅವರು ಸಾಮಾನ್ಯವಾಗಿ ನಿಮ್ಮ ಮತಗಟ್ಟೆಗೇ ಬರಬೇಕಾಗುತ್ತದೆ, ಆದ್ದರಿಂದ ರೆಡಿಂಗ್‌ನಲ್ಲೇ ಇರುವ ಗೆಳೆಯರು ಅನುಕೂಲ. ನೀವು ಹೇಳಿದ ಕಡೆಗೇ ಹಾಕಿದರೋ ಇಲ್ಲವೋ ನೋಡಲಾಗುವುದಿಲ್ಲ, ಭಾವನವರನ್ನು ಕೇಳುವ ಮೊದಲು ಇದು ನೆನಪಿರಲಿ. ಅಂಚೆ ಮತ ಬಂದರೆ ಜೊತೆಗಿರುವ ಹಾಳೆಯಲ್ಲಿ ಸಹಿ ಮಾಡಿ ಹುಟ್ಟಿದ ದಿನಾಂಕ ಬರೆಯಬೇಕು. ಗಡಿಬಿಡಿಯಲ್ಲಿ ಅಂದಿನ ದಿನಾಂಕ ಬರೆದು ಮತ ಕಳೆದುಕೊಳ್ಳುವವರಿದ್ದಾರೆ. ಸಹಿಯೂ ಅರ್ಜಿಯಲ್ಲಿ ಮಾಡಿದಂತೆಯೇ ಇರಲಿ: ಅಲ್ಲಿ ಕನ್ನಡದಲ್ಲಿ ಮಾಡಿದ್ದರೆ ಇಲ್ಲೂ ಕನ್ನಡದಲ್ಲೇ ಮಾಡಿ.